ಓಶಿಯಾನಿಯಾದ ಪ್ರಥಮ ರಕ್ತಸಾಕ್ಷಿ ಸಂತ ಪೀಟರ್ ಶಾನೆಲ್

ಪ್ರತಿ ವರ್ಷ ಏಪ್ರಿಲ್ 28 ರಂದು ಧರ್ಮಸಭೆಯು ಸಂತ ಪೀಟರ್ ಶಾನೆಲ್ ಅವರನ್ನು ಸ್ಮರಿಸುತ್ತದೆ. ಶಾಂತಸಾಗರದ ದ್ವೀಪಗಳಿಗೆ ಇವರು ಪಾಲಕ ಸಂತರು. ಮೂರೂವರೆ ವರ್ಷ ಒಂದು ಪುಟ್ಟ ದ್ವೀಪದಲ್ಲಿ ದುಡಿದು, ಹೇಳಿಕೊಳ್ಳುವಂತಹ ಫಲವನ್ನು ಕಾಣದೆಯೇ ಪ್ರಾಣ ತೆತ್ತ ಈ ಗುರುವಿನ ಜೀವನ, ಧರ್ಮಕೇಂದ್ರಗಳಲ್ಲಿ ಸೇವೆ ಮಾಡುವ ನಮಗೆಲ್ಲರಿಗೂ ಒಂದು ಧ್ಯಾನದ ವಿಷಯವಾಗಿದೆ.

ಬಾಲ್ಯ ಮತ್ತು ಗುರುದೀಕ್ಷೆ

ಪೀಟರ್ ಶಾನೆಲ್ 1803 ರ ಜುಲೈ 12 ರಂದು ಫ್ರಾನ್ಸ್ ದೇಶದ ಕ್ಯುಎ ಎಂಬ ಹಳ್ಳಿಯಲ್ಲಿ ರೈತ ಕುಟುಂಬವೊಂದರಲ್ಲಿ ಹುಟ್ಟಿದರು. ಎಂಟು ಮಂದಿ ಮಕ್ಕಳಲ್ಲಿ ಇವರು ಐದನೆಯವರು. ಬಾಲ್ಯದಲ್ಲಿ ಕುರಿ ಕಾಯುತ್ತಿದ್ದ ಈ ಹುಡುಗನ ಭಕ್ತಿ ಮತ್ತು ಬುದ್ಧಿಯನ್ನು ಗುರುತಿಸಿದ ಗುರುಗಳೊಬ್ಬರು ಅವನನ್ನು ಶಾಲೆಗೆ ಸೇರಿಸಿದರು. 1827 ರ ಜುಲೈ 15 ರಂದು ಅವರಿಗೆ ಗುರುದೀಕ್ಷೆಯಾಯಿತು.

ಮೊದಲು ಸಹಾಯಕ ಗುರುವಾಗಿ ಸೇವೆ ಸಲ್ಲಿಸಿದ ಧರ್ಮಕೇಂದ್ರದಲ್ಲಿ, ಅಲ್ಲಿಂದ ಭಾರತಕ್ಕೆ ಮಿಷನರಿಯಾಗಿ ಹೋಗಿದ್ದ ಗುರುಗಳೊಬ್ಬರು ಬರೆದ ಪತ್ರಗಳನ್ನು ಓದುವ ಅವಕಾಶ ಅವರಿಗೆ ಸಿಕ್ಕಿತು. ದೂರದ ನಾಡುಗಳಿಗೆ ಹೋಗಬೇಕೆಂಬ ಅವರ ಹಂಬಲಕ್ಕೆ ಇದು ಇನ್ನಷ್ಟು ಬಲ ನೀಡಿತು. ನಂತರ ಕ್ರೊಜೆ ಎಂಬ ಊರಿನ ವಿಚಾರಣಾ ಗುರುವಾಗಿ ಮೂರು ವರ್ಷ ಸೇವೆ ಮಾಡಿದರು. ಅಲ್ಲಿ ಭಕ್ತಿ ತಣ್ಣಗಾಗಿತ್ತು. ರೋಗಿಗಳ ಮನೆಮನೆಗೆ ಹೋಗುತ್ತಾ, ಅವರ ಆರೈಕೆ ಮಾಡುತ್ತಾ ಜನರ ಮನಸ್ಸನ್ನು ಗೆದ್ದರು. 1831 ರಲ್ಲಿ ಆಗ ತಾನೇ ರೂಪುಗೊಳ್ಳುತ್ತಿದ್ದ ಮಾರಿಸ್ಟ್ ಸಭೆಯನ್ನು ಸೇರಿ, ಐದು ವರ್ಷ ಬೆಲ್ಲೆಯ ಗುರುಮಠದಲ್ಲಿ ದುಡಿದರು.

1836 ರಲ್ಲಿ ಪೋಪ್ 16ನೇ ಗ್ರೆಗರಿಯವರು ಮಾರಿಸ್ಟ್ ಸಭೆಗೆ ಮಾನ್ಯತೆ ನೀಡಿ, ಪಶ್ಚಿಮ ಓಶಿಯಾನಿಯಾದ ಪ್ರೇಷಿತ ಕಾರ್ಯವನ್ನು ಅದಕ್ಕೆ ಒಪ್ಪಿಸಿದರು. ಅದೇ ವರ್ಷ ಡಿಸೆಂಬರ್ 24 ರಂದು ಬಿಷಪ್ ಪೊಂಪಾಲಿಯೆ ಅವರ ನೇತೃತ್ವದ ಚಿಕ್ಕ ತಂಡದೊಂದಿಗೆ ವಂ. ಶಾನೆಲ್ ಹಡಗು ಹತ್ತಿದರು. ಅವರ ಆಪ್ತ ಗೆಳೆಯ ವಂ. ಕ್ಲೋದ್ ಬ್ರೆ ದಾರಿಯಲ್ಲೇ ತೀರಿಕೊಂಡರು. ಸುಮಾರು ಹತ್ತೂವರೆ ತಿಂಗಳ ಪ್ರಯಾಣದ ಬಳಿಕ, 1837 ರ ನವೆಂಬರ್ 8 ರಂದು ತಂಡವು ಫುಟುನಾ ದ್ವೀಪವನ್ನು ತಲುಪಿತು. ವಂ. ಶಾನೆಲ್ ಮತ್ತು ಬ್ರದರ್ ಮಾರಿ ನಿಜಿಯೆ ಅವರನ್ನು ಅಲ್ಲಿ ಬಿಟ್ಟು ಬಿಷಪರು ಮುಂದೆ ನ್ಯೂಜಿಲೆಂಡಿನ ಕಡೆಗೆ ಸಾಗಿದರು. ಬಿಷಪರು ಫುಟುನಾಕ್ಕೆ ಮರಳಿದ್ದು ಶಾನೆಲರ ಮರಣದ ನಂತರವೇ.

ಫುಟುನಾ ದ್ವೀಪ ಮತ್ತು ಅಲ್ಲಿನ ಜನ

ಫಿಜಿ ಮತ್ತು ಸಮೋವಾಗಳ ನಡುವೆ ಇರುವ ಫುಟುನಾದ ವಿಸ್ತೀರ್ಣ ಕೇವಲ 46 ಚದರ ಕಿ.ಮೀ. ಮಧ್ಯದಲ್ಲಿ 524 ಮೀಟರ್ ಎತ್ತರದ ಪುಕೆ ಬೆಟ್ಟ, ಸುತ್ತಲೂ ಕಡಿದಾದ ಇಳಿಜಾರು. ಸಮುದ್ರಕ್ಕೂ ಬೆಟ್ಟಕ್ಕೂ ನಡುವಿನ ಕಿರಿದಾದ ಪಟ್ಟಿಯಲ್ಲಿ ಹಳ್ಳಿಗಳು. ಪಕ್ಕದಲ್ಲೇ ಅಲೋಫಿ ಎಂಬ ಇನ್ನೊಂದು ಚಿಕ್ಕ ದ್ವೀಪವಿದೆ.

ಅಂದು ಫುಟುನಾದಲ್ಲಿ ಸುಮಾರು ಸಾವಿರ ಜನರಿದ್ದರು. ಇಷ್ಟು ಚಿಕ್ಕ ದ್ವೀಪದಲ್ಲೂ ಅಲೊ ಮತ್ತು ಸಿಗಾವೆ ಎಂಬ ಎರಡು ರಾಜ್ಯಗಳು, ಅವುಗಳ ನಡುವೆ ಹಳೆಯ ವೈರ. ನೀರು ಕಟ್ಟಿದ ಗದ್ದೆಗಳಲ್ಲಿ ಕೆಸು, ಇಳಿಜಾರಿನಲ್ಲಿ ಗೆಣಸು ಮತ್ತು ಬಾಳೆ, ಜೊತೆಗೆ ತೆಂಗು, ಜೀಗುಜ್ಜೆ, ಹಂದಿ ಸಾಕಣೆ, ಮೀನು. ನಮ್ಮ ಕರಾವಳಿಯವರಿಗೆ ಹೊಸದೆನಿಸದ ಈ ಬೆಳೆಗಳೇ ಅವರ ಜೀವನಾಧಾರ. ಹಣದ ಬಳಕೆ ಇರಲಿಲ್ಲ. ಹಬ್ಬದಲ್ಲಿ ಹಂಚುವ ಗೆಣಸು ಮತ್ತು ಹಂದಿಗಳಿಂದಲೇ ಒಬ್ಬ ನಾಯಕನ ಹಿರಿಮೆಯನ್ನು ಅಳೆಯುತ್ತಿದ್ದರು. ದೇವತೆಯು ರಾಜನಲ್ಲಿ ನೆಲೆಸಿದೆ, ಬೆಳೆಯೂ ಆರೋಗ್ಯವೂ ಅದರಿಂದಲೇ ಬರುತ್ತದೆ ಎಂಬುದು ಜನರ ನಂಬಿಕೆಯಾಗಿತ್ತು. ಹೀಗಾಗಿ ಅಲ್ಲಿ ಧರ್ಮ, ಅಧಿಕಾರ ಮತ್ತು ಅನ್ನ ಈ ಮೂರೂ ಒಂದಕ್ಕೊಂದು ಹೆಣೆದುಕೊಂಡಿದ್ದವು.

ಕಷ್ಟದ ವರ್ಷಗಳು

ಅಲೊ ರಾಜ್ಯದ ಅರಸ ನಿಯುಲಿಕಿ ಮೊದಲು ಈ ಅತಿಥಿಗಳನ್ನು ಆದರದಿಂದ ಬರಮಾಡಿಕೊಂಡು ಆಶ್ರಯ ಕೊಟ್ಟನು. ವಂ. ಶಾನೆಲ್ ನಿಧಾನವಾಗಿ ಅಲ್ಲಿನ ಭಾಷೆ ಕಲಿತರು. ದ್ವೀಪವಿಡೀ ಕಾಲ್ನಡಿಗೆಯಲ್ಲಿ ಸುತ್ತಿ ರೋಗಿಗಳನ್ನು ಸಂದರ್ಶಿಸಿದರು. 1839 ರಲ್ಲಿ ಎರಡು ರಾಜ್ಯಗಳ ನಡುವೆ ಯುದ್ಧ ನಡೆದಾಗ ಗಾಯಾಳುಗಳ ಸೇವೆ ಮಾಡಿದರು. ಜನರು ಅವರನ್ನು ಒಳ್ಳೆಯ ಹೃದಯದ ಮನುಷ್ಯ ಎಂದು ಕರೆಯತೊಡಗಿದರು. ಆದರೆ ಜ್ಞಾನಸ್ನಾನ ಪಡೆದವರು ಬಹಳ ಕಡಿಮೆ. ಅವರಲ್ಲೂ ಹೆಚ್ಚಿನವರು ಮರಣಾವಸ್ಥೆಯಲ್ಲಿದ್ದ ಶಿಶುಗಳು ಮತ್ತು ರೋಗಿಗಳು.

ಜನರು ಹೊಸ ಧರ್ಮದ ಕಡೆಗೆ ವಾಲಿದರೆ ತನ್ನ ಅಧಿಕಾರದ ಬುಡವೇ ಅಲುಗಾಡುತ್ತದೆ ಎಂದು ಅರಸನಿಗೆ ಮನವರಿಕೆಯಾಯಿತು. ಮಿಷನರಿಗಳಿಗೆ ಆಹಾರ ಕಳುಹಿಸುವುದು ನಿಂತಿತು. ಇಬ್ಬರೂ ಸ್ವತಃ ತೋಟ ಮಾಡಿ ಬೆಳೆ ತೆಗೆದರೆ ಅದೂ ಕಳುವಾಗುತ್ತಿತ್ತು. ಹಸಿವು, ಏಕಾಂತ, ಫಲ ಕಾಣದ ದುಡಿಮೆ ಇವುಗಳ ನಡುವೆಯೂ ವಂ. ಶಾನೆಲ್ ಯಾರನ್ನೂ ದೂರಲಿಲ್ಲ, ದ್ವೀಪವನ್ನು ಬಿಟ್ಟು ಹೋಗಲೂ ಇಲ್ಲ.

ರಕ್ತಸಾಕ್ಷಿ ಮರಣ

ಕೊನೆಗೆ ಅರಸನ ಮಗ ಮೈತಾಲನೇ ಕ್ರಿಸ್ತರನ್ನು ಅಂಗೀಕರಿಸಲು ಮುಂದಾದನು. ಇದರಿಂದ ಕೆರಳಿದ ಅರಸನ ಅಳಿಯ ಮುಸುಮುಸು 1841 ರ ಏಪ್ರಿಲ್ 28 ರಂದು ತನ್ನವರೊಂದಿಗೆ ಮೊದಲು ಮೈತಾಲ ಮತ್ತು ಅವನ ಸಂಗಡಿಗರ ಮೇಲೆ ಎರಗಿದನು. ಆ ಜಗಳದಲ್ಲಿ ಅವನಿಗೂ ಗಾಯವಾಯಿತು. ಅಲ್ಲಿಂದ ಪೋಯಿ ಎಂಬಲ್ಲಿದ್ದ ಗುರುಗಳ ಮನೆಗೆ ಬಂದು, ಗಾಯಕ್ಕೆ ಔಷಧಿ ಬೇಕೆಂದು ಕೇಳಿದನು. ಅಂದು ಬ್ರದರ್ ನಿಜಿಯೆ ದ್ವೀಪದ ಬೇರೊಂದು ಕಡೆಗೆ ಹೋಗಿದ್ದರು. ಒಬ್ಬರೇ ಇದ್ದ ವಂ. ಶಾನೆಲರನ್ನು ದೊಣ್ಣೆಗಳಿಂದ ಹೊಡೆದು, ಕೊನೆಗೆ ಕೊಡಲಿಯ ಏಟಿನಿಂದ ಕೊಂದರು. ಆಗ ಅವರಿಗೆ 37 ವರ್ಷ.

ಫಲ ಬಂದದ್ದು ನಂತರ

ಅರಸ ನಿಯುಲಿಕಿ ಸ್ವಲ್ಪ ಸಮಯದಲ್ಲೇ ರೋಗದಿಂದ ಸತ್ತನು. 1842 ರಲ್ಲಿ ಬಿಷಪ್ ಪೊಂಪಾಲಿಯೆ ಬಂದಾಗ ದ್ವೀಪವಾಸಿಗಳು ತಾವಾಗಿಯೇ ಧರ್ಮೋಪದೇಶ ಕೇಳಿದರು. ಕೆಲವೇ ವರ್ಷಗಳಲ್ಲಿ ಇಡೀ ದ್ವೀಪ ಕಥೋಲಿಕವಾಯಿತು. ಬ್ರದರ್ ನಿಜಿಯೆ ತಮ್ಮ ಸಂಗಾತಿಯನ್ನು ಕೊಂದ ಜನರ ನಡುವೆಯೇ ಸೇವೆ ಮಾಡಲು ಮರಳಿ ಬಂದರು. ಮುಸುಮುಸು ಕೂಡ ಕ್ರೈಸ್ತನಾದನು. ಸಂತರನ್ನು ಗೌರವಿಸಲು ಬರುವವರು ತನ್ನ ಸಮಾಧಿಯನ್ನು ತುಳಿದುಕೊಂಡೇ ಒಳಗೆ ಹೋಗಲಿ ಎಂದು ಬಯಸಿ, ಪೋಯಿಯ ಚರ್ಚಿನ ಹೊರಗೆ ತನ್ನನ್ನು ಹೂಳುವಂತೆ ಅವನು ಕೇಳಿಕೊಂಡನು ಎನ್ನಲಾಗುತ್ತದೆ.

ಶಾನೆಲ್ ಅವರನ್ನು 1889 ರಲ್ಲಿ ಪೋಪ್ 13ನೇ ಲಿಯೋ ಪುನೀತರೆಂದೂ, 1954 ರ ಜೂನ್ 12 ರಂದು ಪೋಪ್ 12ನೇ ಪಿಯುಸ್ ಸಂತರೆಂದೂ ಘೋಷಿಸಿದರು. ಫ್ರಾನ್ಸಿಗೆ ಒಯ್ದಿದ್ದ ಅವರ ಅವಶೇಷಗಳನ್ನು 1977 ರಲ್ಲಿ ಫುಟುನಾಕ್ಕೆ ಮರಳಿ ತರಲಾಯಿತು.

ಇಂದು ಫುಟುನಾವು ವಾಲಿಸ್ ದ್ವೀಪದೊಂದಿಗೆ ಫ್ರಾನ್ಸಿನ ಆಡಳಿತದಲ್ಲಿದೆ. ಅಲೊ ಮತ್ತು ಸಿಗಾವೆಗಳ ಸಾಂಪ್ರದಾಯಿಕ ಅರಸರು ಈಗಲೂ ಇದ್ದಾರೆ. ಜನಸಂಖ್ಯೆ ಸುಮಾರು 3 ಸಾವಿರ. ಕೆಸು, ಗೆಣಸು, ಹಂದಿ ಇಂದಿಗೂ ಮನೆಯ ಆಧಾರ. ಉಳಿದಂತೆ ಸರ್ಕಾರಿ ಸಂಬಳ ಮತ್ತು ಊರು ಬಿಟ್ಟವರು ಕಳುಹಿಸುವ ಹಣ. ದುಡಿಮೆಗಾಗಿ ನ್ಯೂ ಕ್ಯಾಲಿಡೋನಿಯಾಕ್ಕೆ ಹೋದವರೇ ಬಹಳ. 2010 ರ ಚಂಡಮಾರುತವು ಮನೆಗಳನ್ನೂ ಬೆಳೆಯನ್ನೂ ನಾಶಮಾಡಿತು. ಆದರೂ ವಿಶ್ವಾಸ ಉಳಿದಿದೆ.

ವಾಳೆಯ ಸಭೆಗೆ ನಾಲ್ಕೇ ಮಂದಿ ಬಂದಾಗ, ಧರ್ಮೋಪದೇಶದ ತರಗತಿ ಖಾಲಿಯಾದಾಗ ನಾವು ಬೇಸರಗೊಳ್ಳುವುದುಂಟು. ಶಾನೆಲ್ ಅವರು ಬಿತ್ತಿದರು. ಕೊಯ್ಲನ್ನು ಕಂಡವರು ಬೇರೆಯವರು. ನಮಗೆ ಒಪ್ಪಿಸಲಾದ ಜನರನ್ನು ಬಿಟ್ಟು ಹೋಗದೆ, ಪ್ರೀತಿಯಿಂದ ಅವರ ನಡುವೆ ಇರುವ ವರವನ್ನು ದೇವರಲ್ಲಿ ಬೇಡೋಣ.

ಸಂತ ಪೀಟರ್ ಶಾನೆಲರೇ, ನಮಗಾಗಿ ಪ್ರಾರ್ಥಿಸಿರಿ.