ಫಲ ಕಾಣದ ಗುರು: ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್

ಗಿಡ ನೆಟ್ಟವನೇ ಹಣ್ಣನ್ನು ಸವಿಯಬೇಕೆಂಬ ನಿಯಮ ಲೋಕದಲ್ಲಿಲ್ಲ. ವಿದ್ಯಾಕ್ಷೇತ್ರದಲ್ಲಂತೂ ಈ ಮಾತು ನಿತ್ಯಸತ್ಯ. ಗುರುವಿನ ದುಡಿಮೆ ಶಿಷ್ಯರ ಬಾಳಿನಲ್ಲಿ ಫಲಿಸುತ್ತದೆ. ಅದನ್ನು ಕಣ್ಣಾರೆ ಕಾಣುವ ಭಾಗ್ಯ ಎಲ್ಲ ಗುರುಗಳಿಗೂ ದೊರೆಯದು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ವರ್ಣಭೇದದ ಶಾಲಾಪದ್ಧತಿಯ ಬುಡಕ್ಕೆ ಕೊಡಲಿಯಿಟ್ಟ ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ ಅಂತಹ ಮಹನೀಯರಲ್ಲೊಬ್ಬರು.

೧೮೯೫ರ ಸೆಪ್ಟೆಂಬರ್ ೩ರಂದು ವಾಷಿಂಗ್ಟನ್ ನಗರದಲ್ಲಿ, ಕಪ್ಪು ಜನಾಂಗದ ಸುಶಿಕ್ಷಿತ ಕುಟುಂಬವೊಂದರಲ್ಲಿ ಹ್ಯೂಸ್ಟನ್ ಜನಿಸಿದರು. ತಂದೆ ವಕೀಲರು. ಮರುವರ್ಷವೇ ಆ ದೇಶದ ಸರ್ವೋಚ್ಚ ನ್ಯಾಯಾಲಯವು ರೈಲುಬಂಡಿಯ ಮೊಕದ್ದಮೆಯೊಂದರಲ್ಲಿ, ಸೌಲಭ್ಯಗಳು ಸಮವಾಗಿದ್ದರೆ ಕಪ್ಪು ಜನರನ್ನೂ ಬಿಳಿಯರನ್ನೂ ಬೇರೆಬೇರೆ ಇರಿಸುವುದು ತಪ್ಪಲ್ಲವೆಂದು ತೀರ್ಪಿತ್ತಿತು. ಬೇರ್ಪಡಿಕೆ ಎಲ್ಲೆಡೆ ಜಾರಿಗೆ ಬಂದಿತು. ಸಮಾನತೆ ಮಾತ್ರ ಕಾಗದದಲ್ಲಿಯೇ ಉಳಿಯಿತು. ಈ ತೀರ್ಪಿನ ನೆರಳಿನಲ್ಲಿಯೇ ಬಾಲಕ ಬೆಳೆದನು.

೧೯೧೫ರಲ್ಲಿ ಆಮ್‌ಹರ್ಸ್ಟ್ ಕಾಲೇಜಿನಿಂದ ಉನ್ನತ ಗೌರವದೊಡನೆ ಪದವಿ ಪಡೆದ ಹ್ಯೂಸ್ಟನ್, ಹೋವರ್ಡ್ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಬೋಧಿಸಿ, ಮೊದಲನೆಯ ಮಹಾಯುದ್ಧದಲ್ಲಿ ಸೇನಾಧಿಕಾರಿಯಾಗಿ ಫ್ರಾನ್ಸಿಗೆ ತೆರಳಿದರು. ಒಂದೇ ಧ್ವಜದಡಿ ಹೋರಾಡುವ ಕಪ್ಪು ಸೈನಿಕರಿಗೆ ಸ್ವಪಕ್ಷದವರಿಂದಲೇ ಆಗುತ್ತಿದ್ದ ಅವಮಾನವನ್ನು ಕಂಡು, ಬದುಕಿ ಮರಳಿದರೆ ನ್ಯಾಯಶಾಸ್ತ್ರವನ್ನು ಕಲಿತು ನಿರ್ಬಲರ ಪರವಾಗಿ ನಿಲ್ಲುವೆನೆಂದು ಸಂಕಲ್ಪಿಸಿದರು. ೧೯೧೯ರಲ್ಲಿ ಹಾರ್ವರ್ಡ್ ನ್ಯಾಯಶಾಲೆಯನ್ನು ಸೇರಿ, ಅಲ್ಲಿನ ಪ್ರಸಿದ್ಧ ನ್ಯಾಯಪತ್ರಿಕೆಯ ಸಂಪಾದಕವರ್ಗಕ್ಕೆ ಆಯ್ಕೆಯಾದ ಪ್ರಥಮ ಕಪ್ಪು ವಿದ್ಯಾರ್ಥಿಯೆನಿಸಿ, ೧೯೨೩ರಲ್ಲಿ ಡಾಕ್ಟರೇಟ್ ಗಳಿಸಿದರು.

ಅವರ ಬಾಳಿನ ತಿರುಳು ತೆರೆದುಕೊಂಡುದು ೧೯೨೯ರಲ್ಲಿ. ಆ ವರ್ಷ ಹೋವರ್ಡ್ ನ್ಯಾಯಶಾಲೆಯ ಆಡಳಿತ ಅವರ ಕೈಗೆ ಬಂದಿತು. ಹಗಲು ದುಡಿದು ಇರುಳು ಓದುವವರ ಸಂಜೆಶಾಲೆಯನ್ನು ಅವರು ಪೂರ್ಣಾವಧಿಯ ಹಗಲುಶಾಲೆಯನ್ನಾಗಿ ಮಾರ್ಪಡಿಸಿದರು. ಬಡವರ ಬಾಗಿಲು ಮುಚ್ಚಿತೆಂದು ಹಲವರು ಆಕ್ಷೇಪಿಸಿದರು. ಆ ಆಕ್ಷೇಪದಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೆ ಕಪ್ಪು ವಕೀಲನ ಸಣ್ಣ ತಪ್ಪನ್ನೂ ಕ್ಷಮಿಸದ ನ್ಯಾಯಾಲಯಗಳಲ್ಲಿ ಅರೆಬರೆ ವಿದ್ಯೆ ನಿಲ್ಲಲಾರದೆಂಬುದು ಅವರ ನಿಲುವು. ೧೯೩೧ರಲ್ಲಿ ಶಾಲೆಗೆ ಅಮೆರಿಕದ ವಕೀಲರ ಸಂಘದ ಮಾನ್ಯತೆ ದೊರೆಯಿತು. ನ್ಯಾಯವಾದಿಯಾದವನು ಸಮಾಜದ ಶಿಲ್ಪಿಯಾಗಬೇಕು, ಇಲ್ಲವಾದರೆ ಅವನು ಸಮಾಜವನ್ನು ಹೀರುವ ಬದನಿಕೆಯೇ ಸರಿ ಎಂದು ಅವರು ಬೋಧಿಸುತ್ತಿದ್ದರು. ಅವರ ಕಾಠಿಣ್ಯವನ್ನು ಗೊಣಗುತ್ತಲೇ ಸಹಿಸಿ ೧೯೩೩ರಲ್ಲಿ ತೇರ್ಗಡೆಯಾದವರಲ್ಲಿ ಥರ್ಗುಡ್ ಮಾರ್ಷಲ್, ಆಲಿವರ್ ಹಿಲ್ ಎಂಬವರಿದ್ದರು.

೧೯೩೪ರಲ್ಲಿ ಹ್ಯೂಸ್ಟನ್ ಚಲನಚಿತ್ರದ ಕ್ಯಾಮರಾ ಹಿಡಿದು ದಕ್ಷಿಣ ಕರೋಲಿನ ರಾಜ್ಯವನ್ನು ಸುತ್ತಿದರು. ಬಿಳಿಯ ಮಕ್ಕಳ ಸುಸಜ್ಜಿತ ಶಾಲೆಗಳನ್ನೂ ಕಪ್ಪು ಮಕ್ಕಳ ಹಲಗೆಗುಡಿಸಲುಗಳನ್ನೂ ಚಿತ್ರೀಕರಿಸಿ, ಕಾಗದದ ಸಮಾನತೆಯ ಹುಸಿಯನ್ನು ಬಯಲಿಗೆ ತಂದರು. ೧೯೩೫ರಲ್ಲಿ ಎನ್.ಎ.ಎ.ಸಿ.ಪಿ. ಎಂಬ ಹೆಸರಾಂತ ಸಂಘದ ನ್ಯಾಯಾಧಿಕಾರಿಯಾದರು. ಅವರ ಯುಕ್ತಿ ಸರಳ, ಆದರೆ ದೂರದೃಷ್ಟಿಯದು. ಕಪ್ಪು ಮಕ್ಕಳಿಗೆ ಕಳಪೆಯದಾದರೂ ಒಂದು ಪ್ರಾಥಮಿಕ ಶಾಲೆಯಿತ್ತು. ಆದರೆ ದಕ್ಷಿಣದ ಬಹುತೇಕ ರಾಜ್ಯಗಳಲ್ಲಿ ಕಪ್ಪು ಯುವಕರಿಗೆ ಸರ್ಕಾರಿ ನ್ಯಾಯಶಾಲೆಯೇ ಇರಲಿಲ್ಲ. ಇಲ್ಲದ ಶಾಲೆಯನ್ನು ಸಮಾನವೆನ್ನಲು ಯಾವ ನ್ಯಾಯಾಧೀಶನಿಗೂ ಸಾಧ್ಯವಿಲ್ಲ. ಆದುದರಿಂದ ಅವರು ಶಿಖರದಿಂದ ಬುಡದತ್ತ ಹೊರಟರು.

ಮೊದಲ ಜಯ ಮೇರಿಲ್ಯಾಂಡಿನಲ್ಲಿ. ಡೊನಾಲ್ಡ್ ಮರ್ರೆ ಎಂಬ ಯುವಕನಿಗೆ ಅಲ್ಲಿನ ನ್ಯಾಯಶಾಲೆಯ ಬಾಗಿಲು ತೆರೆಯಬೇಕೆಂದು ೧೯೩೫ರಲ್ಲಿ ಆಜ್ಞೆಯಾಯಿತು; ಮರುವರ್ಷ ಮೇಲಿನ ನ್ಯಾಯಾಲಯ ಅದನ್ನೆತ್ತಿಹಿಡಿಯಿತು. ಗುರು ಹ್ಯೂಸ್ಟನ್, ಶಿಷ್ಯ ಮಾರ್ಷಲ್ ಜೊತೆಗೂಡಿ ವಾದಿಸಿದ ಮೊಕದ್ದಮೆಯಿದು. ೧೯೩೮ರಲ್ಲಿ ಮಿಸೌರಿ ರಾಜ್ಯದ ಲಾಯ್ಡ್ ಗೇನ್ಸ್ ಪರವಾಗಿ ಹ್ಯೂಸ್ಟನ್ ಸರ್ವೋಚ್ಚ ನ್ಯಾಯಾಲಯದಲ್ಲಿ ಗೆದ್ದರು. ಪರರಾಜ್ಯದಲ್ಲಿ ಓದಲು ಹಣ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ, ತನ್ನ ಪ್ರಜೆಗೆ ತನ್ನ ನೆಲದಲ್ಲಿಯೇ ವಿದ್ಯೆ ನೀಡಬೇಕೆಂದು ತೀರ್ಪಾಯಿತು. ಆದರೆ ಗೇನ್ಸ್ ೧೯೩೯ರಲ್ಲಿ ಷಿಕಾಗೋ ನಗರದಲ್ಲಿ ಕಣ್ಮರೆಯಾದನು. ಮರಳಿ ಯಾರ ಕಣ್ಣಿಗೂ ಬೀಳಲಿಲ್ಲ. ತೀರ್ಪು ಉಳಿಯಿತು, ಅದನ್ನು ಗೆದ್ದವನು ಉಳಿಯಲಿಲ್ಲ.

ಸಂಘದ ಹೊಣೆಯನ್ನು ಮಾರ್ಷಲ್ಲರಿಗೆ ಒಪ್ಪಿಸಿ ವಾಷಿಂಗ್ಟನ್ನಿಗೆ ಮರಳಿದ ಬಳಿಕವೂ ಹ್ಯೂಸ್ಟನ್ ವಿಶ್ರಮಿಸಲಿಲ್ಲ. ಕಿಕ್ಕಿರಿದ ಶಾಲೆಯನ್ನು ಪ್ರತಿಭಟಿಸಿ ೧೯೪೭ರಲ್ಲಿ ಮಕ್ಕಳನ್ನು ಮನೆಯಲ್ಲಿಯೇ ಇರಿಸಿಕೊಂಡ ತಂದೆತಾಯಿಗಳಿಗೆ ಗಾರ್ಡ್ನರ್ ಬಿಷಪ್ ಎಂಬ ಕ್ಷೌರಿಕರು ನಾಯಕರಾಗಿದ್ದರು. ಹ್ಯೂಸ್ಟನ್ ಶುಲ್ಕವಿಲ್ಲದೆ ಅವರ ವಕೀಲರಾದರು. ೧೯೪೯ರಲ್ಲಿ ಹೃದ್ರೋಗದಿಂದ ಹಾಸಿಗೆ ಹಿಡಿದಾಗಲೂ ಆ ಮಕ್ಕಳನ್ನು ಮರೆಯದೆ, ಹೋವರ್ಡಿನ ಜೇಮ್ಸ್ ನ್ಯಾಬ್ರಿಟ್ ಅವರಿಗೆ ಆ ಕಾರ್ಯವನ್ನು ವಹಿಸಿಕೊಟ್ಟರು. ೧೯೫೦ರ ಏಪ್ರಿಲ್ ೨೨ರಂದು, ಐವತ್ತನಾಲ್ಕರ ಪ್ರಾಯದಲ್ಲಿ, ಹ್ಯೂಸ್ಟನ್ ದಿವಂಗತರಾದರು.

೧೯೫೪ರ ಮೇ ೧೭ರಂದು ಸರ್ವೋಚ್ಚ ನ್ಯಾಯಾಲಯವು ಶಾಲೆಗಳಲ್ಲಿ ವರ್ಣಭೇದ ಸಂವಿಧಾನವಿರುದ್ಧವೆಂದು ಒಮ್ಮತದಿಂದ ಸಾರಿತು. ಮಾರ್ಷಲ್ ಆ ಹೋರಾಟದ ಮುಂದಾಳು. ಹ್ಯೂಸ್ಟನ್ ಕ್ಯಾಮರಾ ಹಿಡಿದು ಅಲೆದ ದಕ್ಷಿಣ ಕರೋಲಿನದ ಮೊಕದ್ದಮೆಯೂ ಹಿಲ್ ಅವರ ವರ್ಜೀನಿಯದ ಮೊಕದ್ದಮೆಯೂ ಅದರಲ್ಲಿ ಸೇರಿದ್ದವು. ನ್ಯಾಬ್ರಿಟ್ ಅವರ ಮೊಕದ್ದಮೆ ಪ್ರತ್ಯೇಕವಾಗಿ ಅದೇ ದಿನ ಗೆದ್ದಿತು. ೧೯೬೭ರಲ್ಲಿ ಮಾರ್ಷಲ್ ಅದೇ ನ್ಯಾಯಾಲಯದ ಪ್ರಥಮ ಕಪ್ಪು ನ್ಯಾಯಮೂರ್ತಿಯಾದರು.

ಆದರೆ ತೀರ್ಪು ಬಾಗಿಲನ್ನು ತೆರೆಯಬಲ್ಲುದು. ಒಳಗೆ ಕರೆದು ಮಣೆ ಹಾಕುವುದು ಮನುಷ್ಯರ ಕೆಲಸ. ವರ್ಜೀನಿಯದ ಪ್ರಿನ್ಸ್ ಎಡ್ವರ್ಡ್ ಜಿಲ್ಲೆಯು ಕಪ್ಪು ಮಕ್ಕಳನ್ನು ಜೊತೆಯಲ್ಲಿ ಕೂರಿಸಲೊಲ್ಲದೆ ೧೯೫೯ರಿಂದ ೧೯೬೪ರವರೆಗೆ ತನ್ನ ಸಾರ್ವಜನಿಕ ಶಾಲೆಗಳನ್ನೇ ಮುಚ್ಚಿತು. ಶಾಲೆಗಳು ಒಂದಾದ ಎಡೆಗಳಲ್ಲಿ ಸಾವಿರಾರು ಕಪ್ಪು ಉಪಾಧ್ಯಾಯರು ಕೆಲಸ ಕಳೆದುಕೊಂಡರು. ನಗರದ ಮಕ್ಕಳನ್ನೂ ಹೊರವಲಯದ ಮಕ್ಕಳನ್ನೂ ಬೆರೆಸುವ ಡೆಟ್ರಾಯಿಟ್ಟಿನ ಯೋಜನೆಯನ್ನು ೧೯೭೪ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ತಡೆಯಿತು. ಇಂದಿಗೂ ವಸತಿಯ ಗೆರೆಗಳೇ ಅಲ್ಲಿನ ಅನೇಕ ಶಾಲೆಗಳ ಗೆರೆಗಳಾಗಿವೆ.

ಹ್ಯೂಸ್ಟನ್ ಬಿಟ್ಟುಹೋದ ದೊಡ್ಡ ಆಸ್ತಿಯೆಂದರೆ ಅವರು ತಿದ್ದಿ ತೀಡಿದ ಶಿಷ್ಯಪರಂಪರೆ. ಒಂದು ತರಗತಿಯಲ್ಲಿ ಕಟ್ಟುನಿಟ್ಟಾಗಿ ಕಲಿಸಿದ ಪಾಠ ಒಂದು ದೇಶದ ಕಾನೂನನ್ನೇ ತಿರುಗಿಸಿತು. ಉಪಾಧ್ಯಾಯವೃತ್ತಿಯ ಘನತೆಯನ್ನರಿಯಲು ಇದಕ್ಕಿಂತ ಮಿಗಿಲಾದ ನಿದರ್ಶನ ಬೇಕಿಲ್ಲ.