ಪತ್ತೇದಾರಿ ಕಾದಂಬರಿಕಾರ ಮ. ರಾಮಮೂರ್ತಿ

ನವೆಂಬರ್ 1ರಂದು ಶಾಲೆಯ ಅಂಗಳದಲ್ಲಿ ಅರಿಶಿನ ಕುಂಕುಮ ಬಣ್ಣದ ಬಾವುಟ ಹಾರುವುದನ್ನು ನೋಡಿಕೊಂಡೇ ಬೆಳೆದವರು ನಾವು. ಅದನ್ನು ರೂಪಿಸಿದವರು ಒಬ್ಬ ಪತ್ತೇದಾರಿ ಕಾದಂಬರಿಕಾರರು, ಅವರು ಪ್ರಾಣ ಬಿಟ್ಟದ್ದು ನಮ್ಮ ಕನಕಪುರ ರಸ್ತೆಯ ಬದಿಯ ಜಮೀನಿನಲ್ಲಿ ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಮ. ರಾಮಮೂರ್ತಿಯವರು ಹುಟ್ಟಿದ್ದು 1918ರ ಮಾರ್ಚ್ 11ರಂದು, ನಂಜನಗೂಡಿನಲ್ಲಿ. ತಂದೆ ಸೀತಾರಾಮ ಶಾಸ್ತ್ರಿಗಳು ಸ್ವಾತಂತ್ರ್ಯ ಹೋರಾಟಗಾರರು, ಪತ್ರಕರ್ತರು. 'ವೀರಕೇಸರಿ' ಎಂದೇ ಹೆಸರಾದವರು. ಮಗನೂ ಲೇಖನಿ ಹಿಡಿದರು. ಷರ್ಲಾಕ್ ಹೋಮ್ಸ್, ಅಗಾಥಾ ಕ್ರಿಸ್ಟಿಯ ಕಥೆಗಳು ಇಂಗ್ಲಿಷ್ ಬಲ್ಲವರ ಪಾಲಿಗಿದ್ದವು. ಕನ್ನಡ ಮಾತ್ರ ಬಲ್ಲವರಿಗೆ ಅಂಥ ಕಥೆಗಳ ರುಚಿ ಹತ್ತಿಸಿದವರಲ್ಲಿ ರಾಮಮೂರ್ತಿಯವರೂ ಒಬ್ಬರು. ಅವರ ಪತ್ತೇದಾರಿ ಕಾದಂಬರಿಗಳ ಸಂಖ್ಯೆ 150ಕ್ಕೂ ಹೆಚ್ಚು. ಪಂಡಿತರು ಇಂಥ ಪುಸ್ತಕಗಳನ್ನು ಸಾಹಿತ್ಯದ ಲೆಕ್ಕಕ್ಕೆ ಹಿಡಿಯಲಿಲ್ಲ. ಹಿಡಿಯದಿದ್ದರೇನು? ಪತ್ತೇದಾರಿ ಕಾದಂಬರಿಯನ್ನು ಪಠ್ಯಪುಸ್ತಕದೊಳಗೆ ಅಡಗಿಸಿಟ್ಟು ಓದಿ, ಮೇಷ್ಟ್ರ ಕೈಲಿ ಏಟು ತಿಂದವರು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲೇ ಇದ್ದಾರೆ. ಕನ್ನಡವನ್ನು ಎಲ್ಲರಿಗಿಂತ ಸರಾಗವಾಗಿ ಓದುತ್ತಿದ್ದವರೂ ಅವರೇ!

ಕಾದಂಬರಿ ಬರೆದುಕೊಂಡು ನೆಮ್ಮದಿಯಾಗಿ ಇರಬಹುದಿತ್ತು. ಆದರೆ ಬೆಂಗಳೂರಿನಲ್ಲೇ ಕನ್ನಡಿಗರು ಹಿಂದೆ ಬಿದ್ದಿರುವುದನ್ನು ಕಂಡು ಅವರು ಸುಮ್ಮನಿರಲಿಲ್ಲ. ಅ.ನ.ಕೃ. ಅವರಂಥ ಹಿರಿಯರೊಂದಿಗೆ ಕನ್ನಡ ಚಳವಳಿಗೆ ಇಳಿದರು, 'ಕನ್ನಡ ಪಕ್ಷ' ಕಟ್ಟಿದರು, 'ಕನ್ನಡ ಯುವಜನ' ಪತ್ರಿಕೆ ನಡೆಸಿದರು. ಕನ್ನಡ ನಾಡಿನ ರಾಜಧಾನಿಯಲ್ಲಿ ಬೇರೆ ರಾಜ್ಯದ ಪಕ್ಷಗಳ ಬಾವುಟ ಹಾರುತ್ತಿದ್ದವು, ಕನ್ನಡಿಗರಿಗೆ ಒಂದೂ ಇರಲಿಲ್ಲ. ಆ ಕೊರತೆಯೇ 1960ರ ದಶಕದಲ್ಲಿ ಹಳದಿ ಕೆಂಪು ಬಾವುಟವಾಯಿತು. ಮನೆಮನೆಯ ಹೆಣ್ಣುಮಕ್ಕಳಿಗೂ ಗೊತ್ತಿದ್ದ ಎರಡು ಬಣ್ಣಗಳನ್ನೇ ಆರಿಸಿದ್ದರಲ್ಲಿ ಕಥೆಗಾರನ ಜಾಣ್ಮೆಯಿದೆ ಎಂದು ನನಗನಿಸುತ್ತದೆ.

ಕನಕಪುರ ರಸ್ತೆಯಲ್ಲಿ ಅವರು ಸ್ವಲ್ಪ ಜಮೀನು ಮಾಡಿಕೊಂಡಿದ್ದರು. ಅಲ್ಲಿ ಬಾವಿ ತೋಡಿಸುತ್ತಿದ್ದರು. ನಮ್ಮ ಕಡೆ ಬಾವಿ ತೋಡಿಸಿದವರಿಗೆಲ್ಲ ಆ ಕೆಲಸದ ಭಯ ಗೊತ್ತೇ ಇದೆ. 1967ರ ಡಿಸೆಂಬರ್ 25ರಂದು ಮಣ್ಣು ಕುಸಿಯಿತು. ರಾಮಮೂರ್ತಿಯವರೂ ಅವರ ಇಬ್ಬರು ಗಂಡುಮಕ್ಕಳೂ ಅದರಡಿ ಸಿಕ್ಕಿ ತೀರಿಕೊಂಡರು. ಒಂದೇ ದಿನ ಒಂದೇ ಮನೆಯ ಮೂವರು. ಶ್ರೀಮತಿ ಕಮಲಮ್ಮನವರ ಪಾಲಿಗೆ ಉಳಿದದ್ದೇನೆಂದು ಹೇಳಬೇಕಾಗಿಲ್ಲ.

ಅವರಿಗಿನ್ನೂ ಐವತ್ತು ತುಂಬಿರಲಿಲ್ಲ. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದು 1973ರ ನವೆಂಬರ್ 1ರಂದು. ಅಂದು ನಾಡಿನಲ್ಲಿ ಹಾರಿದ ಅವರ ಬಾವುಟವನ್ನು ನೋಡಲು ಅವರಿರಲಿಲ್ಲ.