ಅರ್ಧ ಕಟ್ಟಿದ ಗೂಡು

ಊರಿಗೆ ಹೋದಾಗಲೆಲ್ಲ ಅಜ್ಜಿ ಬಾವಿಯ ಮೇಲೆ ಬಾಗಿದ ಮರದಲ್ಲಿ ತೂಗಾಡುವ ಗೀಜಗನ ಗೂಡುಗಳನ್ನು ತೋರಿಸುತ್ತಿದ್ದರು. ಗೂಡಿನೊಳಗೆ ಹಸಿಮಣ್ಣು ಮೆತ್ತಿ, ಅದಕ್ಕೆ ಮಿಣುಕುಹುಳ ಅಂಟಿಸಿ, ಹಕ್ಕಿ ರಾತ್ರಿ ದೀಪ ಹಚ್ಚಿಕೊಳ್ಳುತ್ತದಂತೆ. ಮಣ್ಣು ಮೆತ್ತುವುದು ನಿಜ; ದೀಪ ಮಾತ್ರ ಕತೆ. ಕೆಲವು ಗೂಡುಗಳು ಅರ್ಧಕ್ಕೇ ನಿಂತಿರುತ್ತಿದ್ದವು. ಯಾಕೆ ಅಂದರೆ, ಅದು ಸೋಮಾರಿ ಹಕ್ಕಿಯದು ಅಂತ ಅಜ್ಜಿಯ ಉತ್ತರ.

ಆ ಅರ್ಧ ಗೂಡಿನ ಗುಟ್ಟು ಬಿಡಿಸಿದವರು ನಮ್ಮ ಮುಂಬಯಿಯವರೇ ಅಂತ ನನಗೆ ತಿಳಿದದ್ದು ಈಚೆಗೆ. ಅದೂ ಕೆಲಸ ಕಳೆದುಕೊಂಡು ಕೂತಿದ್ದಾಗ ಬಿಡಿಸಿದ್ದು! ಅವರೇ ಸಲೀಂ ಅಲಿ.

ಹುಟ್ಟಿದ್ದು 1896ರಲ್ಲಿ. ತೀರ ಎಳೆತನದಲ್ಲೇ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡು, ಖೇತವಾಡಿಯಲ್ಲಿ ಸೋದರಮಾವನ ಮನೆಯಲ್ಲಿ ಬೆಳೆದರು. ಹುಡುಗ ಒಮ್ಮೆ ಆಟದ ಬಂದೂಕಿನಿಂದ ಗುಬ್ಬಿ ಹೊಡೆದ. ನೋಡಿದರೆ ಅದರ ಗಂಟಲ ಮೇಲೆ ಹಳದಿ ಮಚ್ಚೆ! ಇದೆಂಥ ಗುಬ್ಬಿ ಅಂತ ಮಾವನಿಗೂ ಹೊಳೆಯಲಿಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು. ಅಲ್ಲಿನ ಕಾರ್ಯದರ್ಶಿ ಮಿಲರ್ಡ್ ಹುಡುಗನಿಗೆ ಹಕ್ಕಿಗಳ ಸಂಗ್ರಹವನ್ನೇ ತೋರಿಸಿದರು. ಹುಚ್ಚು ಹಿಡಿದದ್ದು ಅಲ್ಲಿಂದ.

ಆದರೆ ಹುಚ್ಚು ಹೊಟ್ಟೆ ತುಂಬಿಸುತ್ತದೆಯೇ? ಕಾಲೇಜು ಅರ್ಧಕ್ಕೆ ಬಿಟ್ಟು ಬರ್ಮಾಕ್ಕೆ ಹೋದರು, ಮನೆಯವರ ಗಣಿ ವ್ಯವಹಾರ ನೋಡಿಕೊಳ್ಳಲಿಕ್ಕೆ. ಅದೂ ಕೈಹತ್ತಲಿಲ್ಲ. ಡಿಗ್ರಿ ಇಲ್ಲದ್ದಕ್ಕೆ ಸರಕಾರಿ ಪ್ರಾಣಿಶಾಸ್ತ್ರದ ಕೆಲಸವೂ ಸಿಗಲಿಲ್ಲ. ಕಡೆಗೆ 1926ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂನಲ್ಲಿ ಗೈಡ್ ಲೆಕ್ಚರರ್ ಆದರು. ರಜೆ ಹಾಕಿ ಬರ್ಲಿನ್ನಿಗೆ ಹೋಗಿ ಪಕ್ಷಿಶಾಸ್ತ್ರ ಕಲಿತು 1930ರಲ್ಲಿ ವಾಪಸು ಬಂದರೆ, ಹಣವಿಲ್ಲ ಅಂತ ಆ ಹುದ್ದೆಯೇ ರದ್ದು! ವಯಸ್ಸು ಮೂವತ್ತು ದಾಟಿದೆ, ಮದುವೆಯಾಗಿದೆ. ಹೆಂಡತಿ ತೆಹಮಿನಾ ಅವರ ಮನೆಯವರದೊಂದು ಪುಟ್ಟ ಮನೆ ಕಡಲಾಚೆಯ ಕಿಹೀಂ ಹಳ್ಳಿಯಲ್ಲಿತ್ತು. ಗಂಡಹೆಂಡತಿ ಅಲ್ಲಿಗೆ ಹೋದರು.

ಮನೆಯ ಹತ್ತಿರವೇ ಗೀಜಗಗಳ ಕೇರಿ. ಏಣಿ ನಿಲ್ಲಿಸಿ, ಮೇಲೆ ಕ್ಯಾನ್ವಾಸಿನ ಮರೆ ಕಟ್ಟಿಕೊಂಡು, ಆ ಮಳೆಗಾಲ ಅವರು ಸುಮ್ಮನೆ ಕೂತು ನೋಡಿದರು. ಹೆಣ್ಣು ಕಾವು ಕೂತಾಗ ಗಂಡಿಗೆ ಕೂರಲಿಕ್ಕೆ ಅರ್ಧ ಗೂಡು ಅಂತ ಆವರೆಗೆ ಹಲವರ ಊಹೆ. ಇವರಿಗೆ ಕಂಡದ್ದೇ ಬೇರೆ. ಗಂಡು ಹುಲ್ಲಿನ ಎಳೆ ಸೀಳಿ ತಂದು ಅರ್ಧ ಗೂಡು ನೇಯ್ದು ಕಾಯುತ್ತದೆ. ಹೆಣ್ಣುಗಳು ಬಂದು ಒಳಹೊರಗೆ ಪರೀಕ್ಷೆ ಮಾಡುತ್ತವೆ. ಒಬ್ಬಳು ಒಪ್ಪಿದರೆ ಕೊಳವೆ ಬಾಗಿಲಿಳಿಸಿ ಗೂಡು ಪೂರೈಸುತ್ತದೆ. ಅವಳು ಮೊಟ್ಟೆಯಿಟ್ಟು ಕೂತಳೋ, ಈ ಮಹಾಶಯ ಪಕ್ಕದಲ್ಲೇ ಮತ್ತೊಂದು ಗೂಡಿಗೆ ಕೈ ಹಾಕುತ್ತಾನೆ! ಯಾರೂ ಒಪ್ಪದ ಗೂಡು ಹಾಗೇ ಉಳಿಯುತ್ತದೆ. ಸೋಮಾರಿಯಲ್ಲ ಅಜ್ಜಿ, ಪಾಪ, ಇಂಟರ್‌ವ್ಯೂನಲ್ಲಿ ಫೇಲಾದವನು.

ಆ ಬರಹ 1931ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಬಂದು ಅವರಿಗೆ ಹೆಸರು ತಂದಿತು. ಮುಂದೆ ಸಂಸ್ಥಾನ ಸಂಸ್ಥಾನ ತಿರುಗಿ ಹಕ್ಕಿಗಳ ಸಮೀಕ್ಷೆ ಮಾಡಿದರು. 1939ರಲ್ಲಿ ತೆಹಮಿನಾ ತೀರಿಕೊಂಡರು. ಆ ಪೆಟ್ಟಿನ ನಂತರವೂ ತಿರುಗಾಟ ನಿಲ್ಲಲಿಲ್ಲ. ನಮ್ಮ ಮೈಸೂರಿಗೂ ಬಂದರು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಗೂಡು ಕಟ್ಟುವ ಹಕ್ಕಿಗಳನ್ನು ಕಂಡು, ಅರಸರ ಒಪ್ಪಿಗೆ ಪಡೆದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 1987ರಲ್ಲಿ, ತೊಂಬತ್ತು ದಾಟಿ, ಮುಂಬಯಿಯಲ್ಲೇ ಕಣ್ಣುಮುಚ್ಚಿದರು.

ಇದನ್ನೆಲ್ಲ ಓದಿದಾಗ ನನಗೆ ಮೊದಲು ಸಿಟ್ಟೇ ಬಂತು. ನಮಗೆಲ್ಲಿದೆ ಮಾರಾಯ್ರೇ ಕಿಹೀಂನಲ್ಲಿ ಮನೆ? ನಾನು ಕೊನೇ ವರ್ಷದವನು. ಫಲಿತಾಂಶದ ಮರುದಿನವೇ ಅಪ್ಪ ಕೇಳುವ ಪ್ರಶ್ನೆ ನನಗೆ ಗೊತ್ತು, ಚಾಳಿನ ಬಾಡಿಗೆಯೂ ಗೊತ್ತು. ಕೆಲಸ ಹೋಗುವುದು ಒಳ್ಳೇದು ಅಂತ ನಾನು ಹೇಳಲಾರೆ. ಆದರೆ ಒಂದು ಮಾತು. ಆ ಮನುಷ್ಯ ದೂರದ ಕಾಡಿನ ಅಪರೂಪದ ಹಕ್ಕಿ ಹುಡುಕಲಿಲ್ಲ. ಎಲ್ಲರೂ ನೋಡಿದ್ದ ಗೀಜಗವನ್ನೇ, ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದರು, ಅಷ್ಟೆ.

ಮೊನ್ನೆ ಪರೀಕ್ಷೆ ಮುಗಿಸಿ ಬರುವಾಗ ಪ್ಲಾಟ್‌ಫಾರಂ ಆಚೆಯ ಮರದಲ್ಲಿ ಕಾಗೆಯೊಂದು ತಂತಿಯ ತುಂಡು ತಂದು ಗೂಡಿಗೆ ಸಿಕ್ಕಿಸುತ್ತಿತ್ತು. ತಂತಿ ಜಾರಿ ಬಿತ್ತು. ಕೆಳಗಿಳಿದು ಅದನ್ನೇ ಮತ್ತೆ ಎತ್ತಿಕೊಂಡು ಹೋಯಿತು. ಮೂರು ವರ್ಷದಿಂದ ಆ ಮರದ ಎದುರೇ ನಿಂತು ಲೋಕಲ್ ಹಿಡಿದಿದ್ದೇನೆ, ಒಮ್ಮೆಯೂ ತಲೆಯೆತ್ತಿರಲಿಲ್ಲ. ಅವತ್ತು ಎರಡು ಗಾಡಿ ಬಿಟ್ಟೆ.

ಮನೆಗೆ ತಡವಾಗಿ ಹೋದೆ. ಯಾಕೆ ಅಂತ ಅಮ್ಮ ಕೇಳಿದರು. ಕಾಗೆ ಗೂಡು ಕಟ್ತಾ ಇತ್ತು ಅಂದೆ.